ಮುಖಕ್ಕೆ ಗುಂಡು ಹೊಡೆಯುವ ಗೇಮ್ ಬಂದಿದೆ, ಗ್ಯಾಲರಿ ಜೋಪಾನ

ಫೋಟೋ ಹಾಕಿ ಆಡುವ ಹಳೇ ಸ್ಟೈಲಿನ ಶೂಟಿಂಗ್ ಗೇಮ್ ಒಂದು ನಮ್ಮ ವಿಜಯಪುರದ ಹುಡುಗರ ಮೊಬೈಲಿನಲ್ಲಿ ಓಡಾಡುತ್ತಿದೆ. ಪ್ಲೇ ಸ್ಟೋರಿನದಲ್ಲ, ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ನೇರವಾಗಿ ಫೋನಿಗೆ ಇನ್‌ಸ್ಟಾಲ್ ಆಗುವ ಆ್ಯಪ್. ನಿಮ್ಮ ಮನೆಗೂ ಬಂದಿದ್ದರೆ ಮೊದಲು ಇದನ್ನು ಓದಿ.

1978ರಲ್ಲಿ ಜಪಾನಿನ ಟೈಟೋ ಕಂಪನಿ ತಂದ ಸ್ಪೇಸ್ ಇನ್ವೇಡರ್ಸ್ ನೆನಪಿದೆಯಲ್ಲ, ಅದೇ ಮಾದರಿ. ಮೇಲೆ ವೈರಿಗಳ ಸಾಲು ಅತ್ತಿತ್ತ ಸರಿಯುತ್ತ ಕೆಳಗಿಳಿಯುತ್ತದೆ, ಕೆಳಗೆ ನಮ್ಮ ತೋಪು. ವೈರಿಗಳು ಕಡಿಮೆಯಾದಷ್ಟೂ ವೇಗ ಜಾಸ್ತಿ. (ಮೂಲ ಆಟದಲ್ಲಿ ಇದು ಬೇಕೆಂದು ಮಾಡಿದ್ದೇ ಅಲ್ಲ. ಬಿಡಿಸುವ ಚಿತ್ರ ಕಡಿಮೆಯಾದಂತೆ ಆಗಿನ ಪ್ರೊಸೆಸರ್ ತಾನಾಗಿ ಚುರುಕಾಗುತ್ತಿತ್ತು.) ಇಲ್ಲಿ ವೈರಿಯ ಜಾಗದಲ್ಲಿ ನಮಗೆ ಬೇಕಾದವರ ಮುಖ. ಅಣ್ಣನ ಮಗ ನನ್ನನ್ನೇ ದೊಡ್ಡ ವಿಲನ್ ಮಾಡಿದ್ದ. "ಕಾಕಾ, ನಿಮ್ಮ ಮೀಸಿಗೆ ಹೊಡದ್ರ ಡಬಲ್ ಪಾಯಿಂಟ್ ರೀ" ಅಂದ. ಮನೆಯವರೆಲ್ಲ ನಕ್ಕೆವು. ಸುಳ್ಳೇಕೆ, ಆಟ ಚೆನ್ನಾಗೇ ಇದೆ.

ಆದರೆ ಒಂದು ಮುಖ ಕತ್ತರಿಸಿ ಹಾಕಲು ಅದಕ್ಕೆ ಪೂರ್ತಿ ಗ್ಯಾಲರಿ ಬೇಕಂತೆ! ಅಣ್ಣನ ಫೋನಿನ ಗ್ಯಾಲರಿಯಲ್ಲಿ ಆಧಾರ್, ಪಾಸ್‌ಬುಕ್, ಜಮೀನಿನ ಉತಾರ, ಎಲ್ಲ ಇದ್ದವು. ಹುಡುಗ 'ಅಲೋ ಆಲ್' ಒತ್ತಿದ್ದ. ಅದಕ್ಕಿಂತ ಕೆಟ್ಟದ್ದು ಸ್ಕೋರ್ ಬೋರ್ಡ್. ನಾವು ಹೊಡೆದುರುಳಿಸಿದ ಮುಖಗಳನ್ನು ಅದು ಊರಿಗೆಲ್ಲ ತೋರಿಸುತ್ತದೆ. ಅವನ ಕ್ಲಾಸಿನ ಹುಡುಗಿಯೊಬ್ಬಳ ಮುಖವೂ ಅದರಲ್ಲಿತ್ತು, ಕೆಳಗೆ ಯಾರ‍್ಯಾರದೋ ಹೊಲಸು ಕಮೆಂಟ್. ಅವಳ ತಂದೆ ನಮ್ಮ ಬಾಗಿಲಿಗೆ ಬಂದರು. ಅಣ್ಣ ತಲೆ ತಗ್ಗಿಸಿ ನಿಂತ. ತಮಾಷೆಗೆ ಮಾಡಿದ್ದು ಎಂದು ಆ ತಂದೆಗೆ ಹೇಳುವುದಾದರೂ ಹೇಗೆ?

ದುಡ್ಡಿನ ಕಥೆ ಬೇರೆ. 2 ರೂಪಾಯಿಗೆ ಟ್ರಯಲ್ ಅಂದರು. ಒಪ್ಪಿದ್ದು ಯುಪಿಐ ಆಟೋಪೇಗೆ. ಒಮ್ಮೆ ಪಿನ್ ಹಾಕಿದರೆ ಮುಗಿಯಿತು. ಆಮೇಲೆ 15,000 ರೂಪಾಯಿವರೆಗಿನ ಕಂತು ಪಿನ್ ಕೇಳದೆ ಕಟ್ ಆಗಬಹುದು. ನಮ್ಮಲ್ಲಿ ವಾರಕ್ಕೆ 299 ಹೋಗುತ್ತಿತ್ತು. ಗೇಮ್ ಡಿಲೀಟ್ ಮಾಡಿದರೂ ನಿಲ್ಲಲಿಲ್ಲ. ಯುಪಿಐ ಆ್ಯಪ್ ಒಳಗೆ ಆಟೋಪೇ ಅಂತ ಇರುತ್ತದೆ, ಅಲ್ಲಿ ಹೋಗಿ ಕ್ಯಾನ್ಸಲ್ ಮಾಡಿದ ಮೇಲೇ ನಿಂತಿದ್ದು.

ಇಂಥ ಗೇಮ್ ಎಲ್ಲವೂ ಮೋಸ ಅಂತಲ್ಲ. ಮುಖ ಕತ್ತರಿಸಿ ಚಿಕ್ಕದು ಮಾಡುವ ಕೆಲಸ ಫೋನಿನೊಳಗೇ ಆಗಬಲ್ಲದು, ನೆಟ್ ಬೇಕಿಲ್ಲ. ಫೋಟೋ ಕೊಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ ನೋಡಿ. ಆಗ ಮುಖ ಹಾಕಲು ಆಗುವುದಿಲ್ಲ ಎಂದರೆ ನಿಮ್ಮ ಫೋಟೋ ಬೇರೆಯವರ ಸರ್ವರಿಗೆ ಹೋಗುತ್ತದೆ ಎಂದೇ ತಿಳಿಯಿರಿ. ನೆಟ್ ಇಲ್ಲದೆ ನಡೆದರೂ ಗೇಮ್ ಆಗ ಸುಮ್ಮನಿದ್ದು ಆಮೇಲೆ ನೆಟ್ ಸಿಕ್ಕಾಗ ಫೋಟೋ ಕಳಿಸಬಹುದು, ಅದನ್ನೂ ಮರೆಯಬೇಡಿ. ಆಂಡ್ರಾಯ್ಡ್ 14ರಿಂದ ಈಚೆಗೆ ಆಯ್ದ ಫೋಟೋ ಮಾತ್ರ ಕೊಡುವ ಅವಕಾಶ ಇದೆ, ಐಫೋನಿನಲ್ಲಿ 2020ರಿಂದಲೇ ಇದೆ. ಅದನ್ನೇ ಒತ್ತಿ. ಬೇರೆಯವರ ಮಕ್ಕಳ ಮುಖವನ್ನಂತೂ ಹಾಕಲೇಬೇಡಿ.

ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫೋಟೋ ವಿಷಯಕ್ಕೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ, ಆ ಹುಡುಗಿಯ ತಂದೆ ಜೊತೆ ನಾವೂ ಹೋಗಿ ದೂರು ಕೊಟ್ಟು ಬಂದೆವು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಫೋಟೋ ತೆಗೆಯಿರಿ ಎಂದು ಗೇಮಿನವರಿಗೂ ಮೇಲ್ ಹಾಕಿದೆವು. ಗೆಳೆಯರಿಗೂ ಲಿಂಕ್ ಕಳಿಸಿ ನೂರು ಕಾಯಿನ್ ಗೆಲ್ಲಿ ಎಂದು ಉತ್ತರ ಬಂದಿದೆ.