ಎಲ್ ಪ್ರೆಸಿಡೆಂಟೆಗೆ ಕುರ್ಚಿ ಹೋಗುವ ಭಯ ಇರಬೇಕು: ಟ್ರೋಪಿಕೊ 6

ಟ್ರೋಪಿಕೊ ಅಂತ ಒಂದು ದ್ವೀಪ ದೇಶ. ಇರುವುದು ಕೆರಿಬಿಯನ್ ಸಮುದ್ರದಲ್ಲಿ, ಆದರೆ ಯಾವ ಭೂಪಟದಲ್ಲೂ ಸಿಗುವುದಿಲ್ಲ. ಅಲ್ಲಿಂದ ಹಡಗು ಹತ್ತಿ ಹೊರಗೆ ಹೋಗುವುದು ಸಕ್ಕರೆ, ರಮ್, ಸಿಗಾರ್, ಬಾಳೆಹಣ್ಣು. ಹಡಗು ಹತ್ತದೆ ಹೋಗುವುದು ಅಧ್ಯಕ್ಷರ ದುಡ್ಡು, ಅದು ಸೀದಾ ಸ್ವಿಸ್ ಬ್ಯಾಂಕಿಗೆ. ಅಧ್ಯಕ್ಷರನ್ನು ಎಲ್ಲರೂ ಕರೆಯುವುದು ಎಲ್ ಪ್ರೆಸಿಡೆಂಟೆ ಅಂತ. ಆ ಕುರ್ಚಿಯಲ್ಲಿ ಕೂರುವವರು ಮೌಸ್ ಹಿಡಿದ ನಾವೇ.

ಟ್ರೋಪಿಕೊ ಅನ್ನುವ ಈ ಕಂಪ್ಯೂಟರ್ ಆಟದ ಸರಣಿಯನ್ನು ನಾನು ಮೊದಲಿಂದಲೂ ಆಡುತ್ತಾ ಬಂದವನು. ಆರನೇ ಭಾಗ ಪಿಸಿಗೆ ಬಂದದ್ದು 2019ರ ಮಾರ್ಚ್‌ನಲ್ಲಿ. ಈಗಲೂ ಆಗಾಗ ತೆರೆಯುತ್ತೇನೆ. ನೋಡೋಕೆ ಚೆನ್ನಾಗಿದೆ, ಹಾಡುಗಳು ಕಿವಿಗೆ ಹಿತ, ನಗು ಕೂಡ ಬರುತ್ತದೆ. ನನ್ನ ತಕರಾರು ಒಂದೇ. ಅಧಿಕಾರ ಕೈತಪ್ಪಬಹುದು ಅನ್ನುವ ತನಕ ಈ ಆಟಕ್ಕೆ ಜೀವ ಇರುತ್ತದೆ. ಕುರ್ಚಿ ಗಟ್ಟಿಯಾಯಿತೋ, ಅಧ್ಯಕ್ಷರು ಬರೀ ರಸ್ತೆ ಹಾಕುವ ಇಂಜಿನಿಯರ್ ಆಗಿಬಿಡುತ್ತಾರೆ.

ಈ ಅಧ್ಯಕ್ಷಗಿರಿಗೂ ಒಂದು ಚರಿತ್ರೆ ಇದೆ. 2001ರ ಮೊದಲ ಟ್ರೋಪಿಕೊವನ್ನು ಮಾಡಿದ್ದು ಪಾಪ್‌ಟಾಪ್ ಸಾಫ್ಟ್‌ವೇರ್. ಅದರ ಕಾಲ ಶುರುವಾಗುವುದು 1950ರಲ್ಲಿ, ಶೀತಲ ಸಮರದ ಬಿಸಿ ಏರುತ್ತಿದ್ದ ಹೊತ್ತಿಗೆ. ಆಟ ಶುರು ಮಾಡುವ ಮುಂಚೆ ಅಧ್ಯಕ್ಷರ ಪೂರ್ವಾಪರ ನಾವೇ ಬರೆಯಬೇಕಿತ್ತು. ಹುಟ್ಟು ಎಂಥದ್ದು, ಅಧಿಕಾರಕ್ಕೆ ಬಂದದ್ದು ಹೇಗೆ? ಸೈನಿಕ ದಂಗೆಯಿಂದಲೋ, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕೂರಿಸಿದ್ದೋ, ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ ಕೂರಿಸಿದ್ದೋ? ಕುಡುಕನೋ, ಜೂಜುಕೋರನೋ? ಬೇಡ ಅಂದರೆ ಫಿಡೆಲ್ ಕ್ಯಾಸ್ಟ್ರೊ, ಚೆ ಗೆವಾರಾ, ಎವಾ ಪೆರೋನ್ ಥರದ ಲ್ಯಾಟಿನ್ ಅಮೆರಿಕದ ನಿಜವಾದ ನಾಯಕರನ್ನೇ ನೇರವಾಗಿ ಆರಿಸಿಕೊಳ್ಳಬಹುದಿತ್ತು. 2003ರ ಎರಡನೇ ಭಾಗದಲ್ಲಿ ಅಧ್ಯಕ್ಷರೇ ಇಲ್ಲ, ಕಡಲ್ಗಳ್ಳರ ದೊರೆ ಇದ್ದಾನೆ. ಅದನ್ನು ಬಿಟ್ಟು ಮುಂದೆ ಹೋಗೋಣ. 2009ರಲ್ಲಿ ಬಲ್ಗೇರಿಯಾದ ಹೇಮಿಮಾಂಟ್ ಗೇಮ್ಸ್ ಮೂರನೇ ಭಾಗದೊಂದಿಗೆ ಅಧ್ಯಕ್ಷರನ್ನು ಮತ್ತೆ ಕರೆತಂದಿತು. ರೇಡಿಯೊದಲ್ಲಿ ಹುವಾನಿಟೊ ಅನ್ನುವ ನಿರೂಪಕ ಬಂದು ನಮ್ಮ ಆಡಳಿತವನ್ನು ಹೊಗಳುತ್ತಲೇ ಮಾನ ತೆಗೆಯುತ್ತಿದ್ದ. 2011ರಲ್ಲಿ ನಾಲ್ಕು, 2014ರಲ್ಲಿ ಐದು. ಐದರಲ್ಲಿ ದೊಡ್ಡ ಬದಲಾವಣೆ ಆಯಿತು: ವಸಾಹತು ಕಾಲ, ಮಹಾಯುದ್ಧಗಳ ಕಾಲ, ಶೀತಲ ಸಮರ, ಆಧುನಿಕ ಕಾಲ ಅಂತ ನಾಲ್ಕು ಯುಗ. ಜೊತೆಗೆ ಅಧ್ಯಕ್ಷರಿಗೊಂದು ವಂಶ. ಆರನ್ನು ಮಾಡಿದ್ದು ಜರ್ಮನಿಯ ಲಿಂಬಿಕ್ ಎಂಟರ್‌ಟೇನ್‌ಮೆಂಟ್. ಅವರು ನಾಲ್ಕು ಯುಗ ಉಳಿಸಿಕೊಂಡರು, ವಂಶ ಕೈಬಿಟ್ಟರು, ಒಂದು ದ್ವೀಪದ ಜಾಗದಲ್ಲಿ ದ್ವೀಪಗಳ ಗುಂಪನ್ನೇ ಕೊಟ್ಟರು.

ಆರರಲ್ಲಿ ನನಗೆ ತುಂಬಾ ಇಷ್ಟವಾದದ್ದು ವಸಾಹತು ಕಾಲ. ಇಲ್ಲಿ ನಾವಿನ್ನೂ ಅಧ್ಯಕ್ಷರಲ್ಲ, ರಾಜ ಕಳಿಸಿದ ಗವರ್ನರ್ ಅಷ್ಟೇ. ನೇಮಕದ ಅವಧಿ ತಿಂಗಳ ಲೆಕ್ಕದಲ್ಲಿ ಕರಗುತ್ತಾ ಇರುತ್ತದೆ. ಇಷ್ಟು ಸಕ್ಕರೆ ಕಳಿಸು, ಅಷ್ಟು ಮರ ಕಳಿಸು ಅಂತ ಅರಮನೆಯಿಂದ ಅಪ್ಪಣೆ ಬರುತ್ತದೆ. ಮಾಡಿಕೊಟ್ಟರೆ ಅವಧಿ ಇನ್ನಷ್ಟು ಮುಂದಕ್ಕೆ. ಅದೇ ಹೊತ್ತಿಗೆ ಒಳಗೊಳಗೇ ಕ್ರಾಂತಿಕಾರಿಗಳ ಬೆಂಬಲ ಗಳಿಸಬೇಕು. ಬೆಂಬಲ ಸಾಕಷ್ಟು ಸೇರಿದ ಮೇಲೆ ಸ್ವಾತಂತ್ರ್ಯ ಘೋಷಿಸಬಹುದು, ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದೋ ಹೊಡೆದಾಡಿ ಬಿಡಿಸಿಕೊಳ್ಳುವುದೋ ನಮಗೆ ಬಿಟ್ಟದ್ದು. ಎಡಗೈಯಲ್ಲಿ ರಾಜನಿಗೆ ಸಲಾಮು, ಬಲಗೈಯಲ್ಲಿ ಬಂಡಾಯಗಾರರಿಗೆ ಹಣ. ಅವಧಿ ಮುಗಿಯಲು ಕೆಲವೇ ತಿಂಗಳು ಇರುವಾಗ ಸಕ್ಕರೆ ತುಂಬಿದ ಗಾಡಿ ಬಂದರಿನ ತಿರುವಿನಲ್ಲಿ ನಿಧಾನಕ್ಕೆ ಬರುತ್ತಿರುತ್ತದಲ್ಲ, ಅದನ್ನು ನೋಡುತ್ತಾ ಕೂರುವ ಚಡಪಡಿಕೆ ಇದೆಯಲ್ಲ, ಇಡೀ ಆಟದಲ್ಲಿ ಅಂಥದ್ದು ಮತ್ತೆ ಸಿಗುವುದಿಲ್ಲ.

ಸ್ವಾತಂತ್ರ್ಯ ಬಂತು, ಗವರ್ನರ್ ಅಧ್ಯಕ್ಷರಾದರು. ಈಗ ಸಂವಿಧಾನ ಬರೆಯಬೇಕು. ಯಾರಿಗೆ ಮತ, ಧರ್ಮಕ್ಕೆ ಎಷ್ಟು ಜಾಗ, ಸೈನ್ಯ ಹೇಗಿರಬೇಕು, ಎಲ್ಲಕ್ಕೂ ಒಂದೊಂದು ಗುಂಡಿ. ತಮಾಷೆ ಅನ್ನಿಸುತ್ತದೆ. ಆದರೆ ಕೆರಿಬಿಯನ್ ದೇಶಗಳ ನಿಜವಾದ ಚರಿತ್ರೆ ಗೊತ್ತಿದ್ದವರಿಗೆ ಗೇಮ್ ಮಾಡಿದವರು ಉತ್ಪ್ರೇಕ್ಷೆ ಮಾಡಿಲ್ಲ, ಸ್ವಲ್ಪ ತಗ್ಗಿಸಿಯೇ ತೋರಿಸಿದ್ದಾರೆ ಅನ್ನಿಸೀತು. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನನ್ನೇ ತಗೊಳ್ಳಿ. 1930ರಿಂದ 1961ರಲ್ಲಿ ಹತ್ಯೆಯಾಗುವ ತನಕ ದೇಶ ಅವನ ಮುಷ್ಟಿಯಲ್ಲಿತ್ತು. ಆದರೆ ಅಷ್ಟೂ ವರ್ಷ ಅವನೇ ಅಧ್ಯಕ್ಷನಾಗಿರಲಿಲ್ಲ. ನಡುನಡುವೆ ಬೇರೆಯವರನ್ನು ಕೂರಿಸಿದ, 1952ರಲ್ಲಿ ಸ್ವಂತ ತಮ್ಮನನ್ನೇ ಕೂರಿಸಿದ. 1936ರಲ್ಲಿ ರಾಜಧಾನಿ ಸಾಂಟೊ ಡೊಮಿಂಗೊಗೆ ತನ್ನ ಹೆಸರನ್ನೇ ಇಡಿಸಿಕೊಂಡ. ಪಕ್ಕದ ಹೈಟಿಯಲ್ಲಿ ಫ್ರಾಂಸ್ವಾ ಡುವಾಲಿಯೇ 1957ರಲ್ಲಿ ಅಧ್ಯಕ್ಷನಾದ. 1961ರಲ್ಲಿ ಅವನಿಗೆ ಬಿದ್ದ ಮತಗಳ ಅಧಿಕೃತ ಲೆಕ್ಕ 13,20,748. ವಿರುದ್ಧ ಬಿದ್ದದ್ದು ಸೊನ್ನೆ! 1964ರಲ್ಲಿ ಜೀವನಪರ್ಯಂತ ಅಧ್ಯಕ್ಷ ಅಂತ ಘೋಷಿಸಿಕೊಂಡ. 1971ರಲ್ಲಿ ಅವನು ಸತ್ತಾಗ ಕುರ್ಚಿಗೆ ಬಂದದ್ದು 19 ವರ್ಷದ ಮಗ. ಟ್ರೋಪಿಕೊದಲ್ಲಿ ಚುನಾವಣೆ ತಿದ್ದುವ ಆಯ್ಕೆ ಕಂಡಾಗ ನನಗೆ ಆ ಸೊನ್ನೆಯೇ ನೆನಪಾಗುವುದು.

ಚುನಾವಣೆ ವಿಷಯಕ್ಕೆ ಬಂದೆ. ಆರರಲ್ಲಿ ಚುನಾವಣಾ ಭಾಷಣ ಮತ್ತೆ ಬಂದಿದೆ, ಅದು ಈ ಭಾಗದ ಒಳ್ಳೆ ಕೆಲಸ. ಜನರ ಒಂದು ಸಮಸ್ಯೆಯನ್ನು ಒಪ್ಪಿಕೊಳ್ಳಬೇಕು, ಅದಕ್ಕೆ ಯಾರ ಮೇಲೋ ಗೂಬೆ ಕೂರಿಸಬೇಕು, ಒಂದು ಬಣವನ್ನು ಹೊಗಳಬೇಕು, ಕೊನೆಗೆ ಒಂದು ಭರವಸೆ ಕೊಡಬೇಕು. ಮನೆ ಕೊಡ್ತೀನಿ ಅಂತ ಹೇಳಿ ಕೊಡದಿದ್ದರೆ ಮುಂದಿನ ಸಲ ಜನ ಅದನ್ನು ಮರೆತಿರುವುದಿಲ್ಲ. ಎಷ್ಟು ಸರಳ, ಎಷ್ಟು ನಿಜ ಅಲ್ವಾ? ಚುನಾವಣೆಯೇ ಬೇಡ ಅನ್ನಬಹುದು, ಮತ ತಿದ್ದಬಹುದು, ಎರಡಕ್ಕೂ ಬೆಲೆ ತೆರಬೇಕು. ಪಕ್ಕದಲ್ಲಿ ಪೆನುಲ್ಟಿಮೊ ಅನ್ನುವ ಸಹಾಯಕ ಇರುತ್ತಾನೆ. ಅವನ ನಿಷ್ಠೆ ಎಷ್ಟು ಜಾಸ್ತಿ ಅಂದರೆ ಒಮ್ಮೊಮ್ಮೆ ಮುಜುಗರ ಆಗುತ್ತದೆ.

ಆದರೆ ತಿದ್ದುವ ಅಗತ್ಯವೇ ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಮಾಮೂಲಿ ಕಷ್ಟದ ಮಟ್ಟದಲ್ಲಿ ಊಟ, ಮನೆ, ಒಂದು ಚರ್ಚು, ಒಂದು ಆಸ್ಪತ್ರೆ ಇಷ್ಟು ಸರಿಯಾಗಿ ಇಟ್ಟರೆ ಜನ ಪ್ರತಿ ಸಲ ಗೆಲ್ಲಿಸುತ್ತಾರೆ. ಸರ್ವಾಧಿಕಾರಿ ಆಗೋಣ ಅಂತ ಕೂತವರು ಕೊನೆಗೆ ಒಳ್ಳೆ ಪಂಚಾಯಿತಿ ಅಧ್ಯಕ್ಷರಾಗಿ ಎದ್ದೇಳುತ್ತಾರೆ. ಮೊದಲ ಭಾಗದಲ್ಲಿ ನಮ್ಮ ಎದುರು ನಿಲ್ಲುತ್ತಿದ್ದವನು ದ್ವೀಪದಲ್ಲೇ ದುಡಿಯುವ ಒಬ್ಬ ಪ್ರಜೆ. ಅವನ ಮನೆ ಎಲ್ಲಿ, ಏನು ಕೆಲಸ ಅಂತ ನೋಡಬಹುದಿತ್ತು. ಲಂಚ ಕೊಡೋಣವೋ, ಜೈಲಿಗೆ ಹಾಕೋಣವೋ, ಸುಮ್ನೆ ಎದುರಿಸೋಣವೋ ಅಂತ ಯೋಚಿಸುವಾಗ ಕೈ ತಡೆಯುತ್ತಿತ್ತು. ಆ ತೂಕ ಇಲ್ಲಿ ಕಡಿಮೆಯಾಗಿದೆ.

ಹಾಗಂತ ಪ್ರಜೆಗಳನ್ನು ಬರೀ ಅಂಕಿ ಮಾಡಿಲ್ಲ. ಈ ಸರಣಿಯ ದೊಡ್ಡ ಗುಣವೇ ಅದು, ಆರರಲ್ಲೂ ಉಳಿದಿದೆ. ಯಾರ ಮೇಲೆ ಕ್ಲಿಕ್ ಮಾಡಿದರೂ ಅವರ ಹೆಸರು, ಮನೆ, ಕೆಲಸ, ಒಲವು ಎಲ್ಲಾ ತೆರೆದುಕೊಳ್ಳುತ್ತದೆ. ಒಂದು ಸಲ ನನ್ನ ಕಬ್ಬಿನ ತೋಟದಲ್ಲಿ ಇಳುವರಿ ಬರುತ್ತಿರಲಿಲ್ಲ. ಆಳುಗಳು ಭರ್ತಿ ಇದ್ದರು, ನೆಲವೂ ಚೆನ್ನಾಗಿತ್ತು. ಒಬ್ಬಳು ಕೂಲಿ ಹೆಂಗಸನ್ನು ಆರಿಸಿಕೊಂಡು ಅವಳ ಹಿಂದೆಯೇ ಹೋದೆ. ಅವಳ ಮನೆ ಬಂದರಿನ ಹತ್ತಿರದ ಗುಡಿಸಲು. ಬಾಡಿಗೆ ಮನೆ ಅವಳ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಅಲ್ಲಿಂದ ಗುಡ್ಡ ಸುತ್ತಿ ತೋಟಕ್ಕೆ ನಡೆದು ಬರುತ್ತಾಳೆ. ಒಂದಿಷ್ಟು ಕೆಲಸ ಮಾಡುವಷ್ಟರಲ್ಲಿ ಹಸಿವು, ದಿನಸಿ ಅಂಗಡಿ ಮತ್ತೆ ಬಂದರಿನಲ್ಲಿ. ಅಲ್ಲಿಂದ ಚರ್ಚಿಗೆ, ಅದು ಸೇತುವೆ ದಾಟಿ ಆಚೆ ದ್ವೀಪದಲ್ಲಿ. ದಿನವೆಲ್ಲಾ ನಡೆದಾಟ. ಅವಳ ಒಲವು ಕಮ್ಯುನಿಸ್ಟ್ ಬಣದ ಕಡೆ ಇತ್ತು. ಇರದೆ ಇನ್ನೇನು! ತೋಟದ ಪಕ್ಕ ಸಾಲುಮನೆ ಕಟ್ಟಿಸಿ ಬಾಡಿಗೆ ಇಳಿಸಿದೆ, ಒಂದು ಅಂಗಡಿಯನ್ನೂ ಹಾಕಿಸಿದೆ. ಕಬ್ಬು ಬರತೊಡಗಿತು. ಅಂಕಿಅಂಶಗಳ ಪುಟ ಎಷ್ಟು ತಿರುವಿ ಹಾಕಿದ್ದರೂ ಇದು ಗೊತ್ತಾಗುತ್ತಿರಲಿಲ್ಲ. ಈ ಗೇಮ್‌ನಲ್ಲಿ ಅಧ್ಯಕ್ಷರಾದವರು ಆಗಾಗ ಯಾರಾದರೊಬ್ಬರ ಹಿಂದೆ ಹೀಗೆ ನಡೆಯಲೇಬೇಕು.

ಸ್ವಿಸ್ ಬ್ಯಾಂಕ್ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಮೊದಲ ಭಾಗದಲ್ಲಿ ಕದ್ದ ದುಡ್ಡು ದೇಶಕ್ಕೆ ಬರುತ್ತಿರಲಿಲ್ಲ. ಆಟ ಮುಗಿದಾಗ ಅಧ್ಯಕ್ಷರ ನಿವೃತ್ತಿಯ ಲೆಕ್ಕಕ್ಕೆ ಸೇರುತ್ತಿತ್ತು ಅಷ್ಟೇ. ಹಾಗಾಗಿ ಪ್ರತಿ ಸಲ ಕದಿಯುವಾಗಲೂ ಶಾಲೆಗೋ ನನಗೋ ಅನ್ನುವ ಪ್ರಶ್ನೆ ಎದುರಿಗೆ ಬರುತ್ತಿತ್ತು. ಆರರಲ್ಲಿ ಬ್ರೋಕರ್ ಅಂತ ಒಬ್ಬ ಇದ್ದಾನೆ. ಸ್ವಿಸ್ ಖಾತೆಯ ಹಣ ಅವನಿಗೆ ಕೊಟ್ಟರೆ ದೇಶಕ್ಕೆ ಬೇಕಾದ ಎಷ್ಟೋ ಕೆಲಸ ಮಾಡಿಸಿಕೊಡುತ್ತಾನೆ. ಅಂದರೆ ಕಳ್ಳತನವೂ ಒಂಥರಾ ದೇಶಸೇವೆ. ಜೋಕ್ ಚೆನ್ನಾಗಿದೆ, ಆದರೆ ಆ ಪ್ರಶ್ನೆ ಹೊರಟುಹೋಯಿತು. ನನಗೆ ಹಳೆಯ ಲೆಕ್ಕವೇ ಇಷ್ಟ.

ಇನ್ನು ದಾಳಿಗಳು. ಕಡಲ್ಗಳ್ಳರನ್ನೋ ಗೂಢಚಾರರನ್ನೋ ಕಳಿಸಿ ಐಫೆಲ್ ಗೋಪುರ, ಸ್ವಾತಂತ್ರ್ಯ ದೇವಿಯ ಪ್ರತಿಮೆ ಇಂಥವನ್ನು ಕದ್ದು ತಂದು ನಮ್ಮ ಬೀಚಿನಲ್ಲಿ ನೆಡಬಹುದು. ಜಾಹೀರಾತಿನಲ್ಲಿ ಇದನ್ನೇ ಜಾಸ್ತಿ ತೋರಿಸುತ್ತಾರೆ. ಮೊದಲ ಸಲ ನಗು ಬರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಇಷ್ಟು ಸಾಕು ಅದರ ಬಗ್ಗೆ.

ಆಧುನಿಕ ಕಾಲಕ್ಕೆ ಬರುವ ಹೊತ್ತಿಗೆ ನನಗೆ ಬೇಜಾರು ಶುರುವಾಗುತ್ತದೆ. ಖಜಾನೆ ತುಂಬಿದೆ, ಬಣಗಳು ಹೆಚ್ಚಾಗಿವೆ, ಬೇಡಿಕೆಗಳೂ ಹೆಚ್ಚಾಗಿವೆ, ಆದರೆ ಯಾವುದಕ್ಕೂ ಕುರ್ಚಿ ಅಲ್ಲಾಡಿಸುವ ಶಕ್ತಿ ಇಲ್ಲ. ಗಂಟೆಗಟ್ಟಲೆ ಟ್ರಾಫಿಕ್ ಬಿಡಿಸುತ್ತಾ ಕೂರುವುದೇ ಕೆಲಸ. ಗವರ್ನರ್ ಕಾಲದಿಂದ ಇಂಟರ್‌ನೆಟ್ ಕಾಲದ ತನಕ ಒಬ್ಬರೇ ಅಧ್ಯಕ್ಷರು, ಅವರಿಗೆ ವಯಸ್ಸೂ ಆಗುವುದಿಲ್ಲ, ಉತ್ತರಾಧಿಕಾರಿಯ ತಲೆನೋವೂ ಇಲ್ಲ. ಐದನೇ ಭಾಗದ ವಂಶ ಅಷ್ಟೇನೂ ಅದ್ಭುತವಾಗಿರಲಿಲ್ಲ, ನಿಜ. ಮಗನನ್ನೋ ಸೋದರತ್ತೆಯನ್ನೋ ಒಂದು ಹುದ್ದೆಗೆ ಕೂರಿಸಿ ಮರೆತುಬಿಡಬಹುದಿತ್ತು. ಅದನ್ನು ಬೆಳೆಸಬೇಕಿತ್ತು, ತೆಗೆಯಬಾರದಿತ್ತು. ಮುಪ್ಪಾದ ಅಧ್ಯಕ್ಷ, ಆತುರದ ಮಗ, ಕಾದು ಕೂತ ಜನರಲ್, ಇಷ್ಟಿದ್ದರೆ ಕೊನೆಯ ಯುಗಕ್ಕೆ ಬೇರೆಯದೇ ಕಳೆ ಬರುತ್ತಿತ್ತು. ಹೈಟಿಯಲ್ಲಿ, ಡೊಮಿನಿಕನ್ ಗಣರಾಜ್ಯದಲ್ಲಿ ನಡೆದದ್ದೂ ಅದೇ ತಾನೇ.

ತಗೋಬೇಕಾ ಅಂತ ಕೇಳಿದರೆ, ತಗೊಳ್ಳಿ. ಊರು ಕಟ್ಟುವ ಆಟ ಇಷ್ಟಪಡುವವರಿಗೆ ಇದು ಖಂಡಿತ ಹಿಡಿಸುತ್ತದೆ. ಮೊದಲು ಮೂಲ ಗೇಮ್ ಸಾಕು, ಡಿಎಲ್‌ಸಿಗಳಿಗೆ, ಅಂದರೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗಗಳಿಗೆ, ಆತುರ ಬೇಡ, ರಿಯಾಯಿತಿ ಬಂದಾಗ ನೋಡಿಕೊಳ್ಳಬಹುದು. ಮಿಷನ್‌ಗಳನ್ನು ಪಾಠದ ಥರ ಒಂದಷ್ಟು ಆಡಿ ಸ್ಯಾಂಡ್‌ಬಾಕ್ಸ್‌ಗೆ, ಅಂದರೆ ನಮ್ಮಿಷ್ಟದಂತೆ ಆಡುವ ಆಯ್ಕೆಗೆ, ಹೋಗಿ. ಅಲ್ಲಿ ಹಣಕಾಸಿನ ಕಷ್ಟ ಬೇರೆ, ರಾಜಕೀಯದ ಕಷ್ಟ ಬೇರೆ ಇಟ್ಟುಕೊಳ್ಳಬಹುದು. ಹಣಕಾಸನ್ನು ನಡುಮಟ್ಟದಲ್ಲಿ ಇಟ್ಟು, ರಾಜಕೀಯವನ್ನು ಎಷ್ಟಾಗುತ್ತೋ ಅಷ್ಟು ಮೇಲಕ್ಕೆ ಏರಿಸಿ. ವಸಾಹತು ಕಾಲದಿಂದಲೇ ಶುರು ಮಾಡಿ, ನೇರವಾಗಿ ಆಧುನಿಕ ಕಾಲಕ್ಕೆ ಹಾರಬೇಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಎರಡು ಗವರ್ನರ್ ಸಾಹೇಬರಿಗೆ.