ಕೋಳಿ ಬಾತುಕೋಳಿಯಂತೆ ನಡೆದರೆ ಔಷಧದ ಅಂಗಡಿಗೆ ಓಡಬೇಡಿ

ನಮ್ಮ ಮುಧೋಳದಲ್ಲಿ ನಾಯಿ ಒಂದು ಹೊತ್ತು ಊಟ ಬಿಟ್ಟರೆ ಹತ್ತು ಜನ ಬಂದು ನೋಡುತ್ತಾರೆ. ತಿಮ್ಮಾಪುರದಲ್ಲಿ ನಾಯಿಗೆಂದೇ ಸಂಶೋಧನಾ ಕೇಂದ್ರವೂ ಇದೆ. ಮುದಿ ಕೋಳಿ ಮಂಕಾದರೆ ಎಲ್ಲರದೂ ಒಂದೇ ಮಾತು: ಕೊಯ್ದು ಸಾರು ಮಾಡಿ. ಐದು ವರ್ಷ ಹಿತ್ತಲಲ್ಲಿ ಕೆದರಿಕೊಂಡಿದ್ದ ಕೆಂಪು ಕೋಳಿಗೆ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಆದರೆ ಅದನ್ನು ಉಳಿಸಲು ಹೋಗಿ ಮಾಡಿದ್ದು ಅದಕ್ಕಿಂತ ಕ್ರೂರವಾಗಿತ್ತು.

ಮೊಟ್ಟೆ ನಿಂತು ತಿಂಗಳಾಗಿತ್ತು. ಹೊಟ್ಟೆ ಜೋತುಬಿದ್ದು, ಕಾಲು ಅಗಲಿಸಿ ಬಾತುಕೋಳಿಯಂತೆ ನಡೆಯುತ್ತಿತ್ತು. ನುಚ್ಚು ತಿಂದು ಕೊಬ್ಬಿದೆ ಎಂದುಕೊಂಡೆ. ಜುಟ್ಟು ಬಿಳುಚಿದ ಮೇಲೆ ಗಾಬರಿಯಾಯಿತು. ಪಕ್ಕದ ಮನೆಯವರು, ‘ಅಕ್ಕಾ, ಇದು ಕೊಕ್ಕರೆ ರೋಗ’ ಎಂದರು, ಅಂದರೆ ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್. ಅತ್ತೆ, ‘ಮೊಟ್ಟೆ ಸಿಕ್ಕಿಕೊಂಡಿದೆ, ಹೊಟ್ಟೆ ಒತ್ತು’ ಎಂದರು. ನಾನು ಇಬ್ಬರ ಮಾತನ್ನೂ ಕೇಳಿದೆ. ಒಂದು ಕಡೆ ಎಣ್ಣೆ ಹಚ್ಚಿ ಹೊಟ್ಟೆ ಒತ್ತಿದೆ, ಇನ್ನೊಂದು ಕಡೆ ಅಂಗಡಿಯವನು ಕೊಟ್ಟ ಆ್ಯಂಟಿಬಯಾಟಿಕ್ ಬಾಟಲಿಯನ್ನು ಎಂಟೂ ಕೋಳಿಗಳ ನೀರಿಗೆ ಬೆರೆಸಿದೆ. ಒಂಬತ್ತನೇ ದಿನ ಬೆಳಿಗ್ಗೆ ಅದು ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿತ್ತು.

ಉಳಿದ ಏಳರ ಚಿಂತೆಯಿಂದ ಸತ್ತ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಮೊದಲು ಎದೆಯ ಮೂಳೆ ಮುಟ್ಟಿಸಿದರು: ಕುಡುಗೋಲಿನ ಅಲಗಿನಂತಿತ್ತು, ಮಾಂಸವೇ ಇಲ್ಲ. ಹೊಟ್ಟೆ ಕೊಯ್ದಾಗ ಹಳದಿ ನೀರು, ಬೇಯಿಸಿದಂತೆ ಗಟ್ಟಿಯಾದ ಭಂಡಾರದ, ಅಂದರೆ ಮೊಟ್ಟೆಯ ಹಳದಿಯ, ಉಂಡೆಗಳು, ಹೇಳತೀರದ ನಾತ. ಅಂಡಾಶಯದಿಂದ ಹೊರಟ ಭಂಡಾರ ಮೊಟ್ಟೆಯ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು, ಅಲ್ಲಿ ಸೋಂಕು ಹಬ್ಬಿತ್ತು. ಹೆಚ್ಚು ಮೊಟ್ಟೆ ಇಟ್ಟ ಹಳೆಯ ಕೋಳಿಗಳಲ್ಲಿ ಇದು ಸಾಮಾನ್ಯವಂತೆ. ಆರಂಭದಲ್ಲೇ ಬಂದಿದ್ದರೆ ನೀರು ತೆಗೆದು ನೋವನ್ನಾದರೂ ಇಳಿಸಬಹುದಿತ್ತು. ಪೂರ್ತಿ ಗುಣವಾಗುವುದು ಅಪರೂಪ.

ಸ್ವಲ್ಪ ಯೋಚಿಸಿದ್ದರೆ ನನಗೇ ಹೊಳೆಯಬೇಕಿತ್ತು. ಮೊಟ್ಟೆಯೊಂದು ತಯಾರಾಗಲು ಸುಮಾರು 25 ಗಂಟೆ ಸಾಕು. ಅದು ಸಿಕ್ಕಿಕೊಂಡ ಕೋಳಿ ಒಂದೆರಡು ದಿನದಲ್ಲೇ ಕುಸಿಯುತ್ತದೆ, ತಿಂಗಳುಗಟ್ಟಲೆ ಓಡಾಡುವುದಿಲ್ಲ. ಸಿಕ್ಕಿಕೊಂಡಿದ್ದರೂ ಒತ್ತಬಾರದಿತ್ತು, ಒಳಗೆ ಒಡೆದರೆ ಅದೇ ಸಾವು. ಕೊಕ್ಕರೆ ರೋಗವಾಗಿದ್ದರೆ ಹಸಿರು ಹಿಕ್ಕೆ, ಏದುಸಿರು, ಸೊಟ್ಟಗಾದ ಕತ್ತು ಕಾಣಬೇಕಿತ್ತು. ಲಸಿಕೆ ಹಾಕಿಸದ ಕೋಳಿಗಳಲ್ಲಿ ಅದು ಒಂದನ್ನೇ ಹಿಡಿದು ಸುಮ್ಮನಿರುವುದಿಲ್ಲ. ಅದು ವೈರಸ್ಸಿನ ರೋಗ, ಆ್ಯಂಟಿಬಯಾಟಿಕ್ ಅದಕ್ಕೆ ನಾಟುವುದೂ ಇಲ್ಲ. ಹಾಗೆ ನಾಲ್ಕಾರು ಒಟ್ಟಿಗೆ ಸತ್ತರೆ ನನ್ನಂತೆ ಚೀಲದಲ್ಲಿ ತುಂಬಿಕೊಂಡು ಹೋಗಬೇಡಿ, ಕೊಯ್ಯಲೂಬೇಡಿ. ಮುಟ್ಟದೆ ಪಶು ಆಸ್ಪತ್ರೆಗೆ ಸುದ್ದಿ ಕೊಡಿ.

ಈಗ ವಾರಕ್ಕೊಮ್ಮೆ ಕತ್ತಲಾದ ಮೇಲೆ, ಕೋಳಿಗಳು ಕುಳಿತ ಜಾಗದಲ್ಲೇ ಒಂದೊಂದನ್ನೂ ಎತ್ತಿಕೊಂಡು ಎದೆಯ ಮೂಳೆ ಸವರುತ್ತೇನೆ, ಹೊಟ್ಟೆ ಮೆಲ್ಲಗೆ ಮುಟ್ಟುತ್ತೇನೆ. ನೀರು ತುಂಬಿದ ಬಲೂನಿನಂತೆ ತೋರಿದರೆ ಮರುದಿನವೇ ಆಸ್ಪತ್ರೆ. ಬೆಳಿಗ್ಗೆ ಬಿಡುವ ಮುನ್ನ ಕತ್ತಿನ ಬುಡದ ಚೀಲ ಖಾಲಿಯಾಗಿದೆಯೇ ಎಂದೂ ನೋಡುತ್ತೇನೆ. ಇದಕ್ಕೆ ಹತ್ತು ನಿಮಿಷವೂ ಬೇಡ.

ಹೇಳಲು ನಾಚಿಕೆಯಾಗುವ ಸಂಗತಿ ಇನ್ನೊಂದಿದೆ. ಆ ಒಂಬತ್ತು ದಿನ ಉಳಿದ ಕೋಳಿಗಳಿಟ್ಟ ಮೊಟ್ಟೆಗಳನ್ನು ಮಕ್ಕಳಿಗೆ ದಿನವೂ ಬೇಯಿಸಿ ಕೊಟ್ಟಿದ್ದೆ. ಮನುಷ್ಯರು ತಿನ್ನುವ ಮೊಟ್ಟೆ ಇಡುವ ಕೋಳಿಗೆ ಈ ಔಷಧ ಕೊಡಬಾರದು ಎಂದು ಬಾಟಲಿಯ ಮೇಲೆಯೇ ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅತ್ತೆಯ ಕನ್ನಡಕ ಹಾಕಿಕೊಂಡು ನಾನದನ್ನು ಓದಿದ್ದು ಕೋಳಿಯನ್ನು ಹೂಳಿ ಮೂರು ದಿನವಾದ ಮೇಲೆ.