ಫೌಂಡೇಶನ್ ಟ್ರಸ್ಟ್ ವಿಮರ್ಶೆ: ಇಂಗ್ಲೆಂಡಿನ ಸ್ವಾಯತ್ತ ಸರ್ಕಾರಿ ಆಸ್ಪತ್ರೆ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ‘ಫೌಂಡೇಶನ್ ಟ್ರಸ್ಟ್’ ಎಂಬ ಸ್ವಾಯತ್ತ ಆಸ್ಪತ್ರೆಗಳು ಶುರುವಾಗಿ ಎರಡು ದಶಕ ದಾಟಿತು. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹೊರಡಿಸಿದ ಹತ್ತು ವರ್ಷದ ಯೋಜನೆಯಂತೆ 2035ರ ಹೊತ್ತಿಗೆ ಆಸ್ಪತ್ರೆಗಳನ್ನು ನಡೆಸುವ ಎಲ್ಲ ಟ್ರಸ್ಟ್‌ಗಳೂ ಇದೇ ರೂಪಕ್ಕೆ ಬರಬೇಕು. ಹಾಗಾದರೆ ಈ ವ್ಯವಸ್ಥೆ ನಿಜಕ್ಕೂ ಹೇಗಿದೆ?

ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆಸ್ಪತ್ರೆ ಸಾರ್ವಜನಿಕ ಸ್ವತ್ತಾಗಿಯೇ ಉಳಿಯುತ್ತದೆ, ಚಿಕಿತ್ಸೆಗೆ ರೋಗಿ ದುಡ್ಡು ಕೊಡಬೇಕಿಲ್ಲ. ಆದರೆ ಆರೋಗ್ಯ ಸಚಿವರು ‘ಹೀಗೆ ಮಾಡಿ’ ಎಂದು ನೇರ ಆದೇಶ ಹೊರಡಿಸುವಂತಿಲ್ಲ. ಆರಂಭದ ವರ್ಷಗಳಲ್ಲಿ ಮಾಡಿದ ಒಂದೊಂದು ಚಿಕಿತ್ಸೆಗೂ ನಿಗದಿಯಾದ ದರದಲ್ಲಿ ಹಣ ಬರುತ್ತಿತ್ತು. ವರ್ಷದ ಕೊನೆಗೆ ಮಿಕ್ಕಿದ್ದನ್ನು ಖಜಾನೆಗೆ ವಾಪಸ್ ಕಟ್ಟದೆ ಆಸ್ಪತ್ರೆಯೇ ಇಟ್ಟುಕೊಳ್ಳಬಹುದು, ಮಿತಿಯೊಳಗೆ ಸಾಲ ಎತ್ತಬಹುದು. ಸುತ್ತಮುತ್ತಲ ಜನ, ರೋಗಿಗಳು, ಸಿಬ್ಬಂದಿ ಸದಸ್ಯರಾಗಿ ಗವರ್ನರ್‌ಗಳನ್ನು ಆರಿಸುತ್ತಾರೆ. ಆ ಗವರ್ನರ್‌ಗಳಿಗೆ ಆಡಳಿತ ಮಂಡಳಿಯ ಅಧ್ಯಕ್ಷರನ್ನು ನೇಮಿಸುವ, ತೆಗೆದುಹಾಕುವ ಅಧಿಕಾರವಿದೆ. ಇದಕ್ಕೆಲ್ಲ ಅನುಮತಿ ಕೊಟ್ಟು ನಿಗಾ ಇಡಲು ‘ಮಾನಿಟರ್’ ಎಂಬ ನಿಯಂತ್ರಣ ಸಂಸ್ಥೆ ಬಂತು. ಮೊದಲ 10 ಟ್ರಸ್ಟ್‌ಗಳು 2004ರ ಏಪ್ರಿಲ್ 1ರಂದು ಆರಂಭವಾದವು.

ಇಷ್ಟಕ್ಕೇ ಆಗ ಆಳುತ್ತಿದ್ದ ಲೇಬರ್ ಪಕ್ಷದೊಳಗೆ ದೊಡ್ಡ ಜಗಳವಾಯಿತು. ಆರೋಗ್ಯ ಸಚಿವ ಅಲನ್ ಮಿಲ್ಬರ್ನ್ ಈ ಯೋಜನೆ ತಂದರು. ಅದೇ ಹುದ್ದೆಯಲ್ಲಿ ಹಿಂದೆ ಇದ್ದ ಫ್ರಾಂಕ್ ಡಾಬ್ಸನ್, ಇದು ಆಸ್ಪತ್ರೆಗಳಲ್ಲಿ ಮೇಲು ಕೀಳು ಸೃಷ್ಟಿಸುತ್ತದೆ ಎಂದು ವಿರೋಧಿಸಿದರು. ಆ ಮಾತಿನಲ್ಲಿ ಹುರುಳಿತ್ತು. ಶುರುವಿನಲ್ಲಿ ಸರ್ಕಾರದ ಅಳತೆಯಲ್ಲಿ ಮೂರು ನಕ್ಷತ್ರ ಪಡೆದ ಆಸ್ಪತ್ರೆಗಳಷ್ಟೇ ಅರ್ಜಿ ಹಾಕಬಹುದಿತ್ತು. ಆಗಲೇ ಚೆನ್ನಾಗಿರುವವರಿಗೆ ಇನ್ನಷ್ಟು ಅನುಕೂಲ, ಸೋತವರಿಗೆ ಏನೂ ಇಲ್ಲ. 2003ರ ನವೆಂಬರ್ 19ರಂದು ಸಂಸತ್ತಿನಲ್ಲಿ ಮಸೂದೆ ಪಾಸಾದದ್ದು ಬರೀ 17 ಮತಗಳ ಅಂತರದಲ್ಲಿ. ಅದೂ ಈ ಕಾನೂನು ಅನ್ವಯಿಸದ ಸ್ಕಾಟ್ಲೆಂಡ್, ವೇಲ್ಸ್‌ಗಳ ಸಂಸದರ ಬಲದಿಂದ.

ಹಣಕಾಸು ಸಚಿವ ಗಾರ್ಡನ್ ಬ್ರೌನ್ ಅವರ ತಕರಾರು ಬೇರೆ. ಆಸ್ಪತ್ರೆ ಮುಳುಗಿದರೆ ಸಾಲ ತೀರಿಸುವವರು ಯಾರು? ಕೊನೆಗೆ ಸರ್ಕಾರವೇ ತಾನೆ? ಹಾಗಾಗಿ ಈ ಆಸ್ಪತ್ರೆಗಳ ಸಾಲ ಆರೋಗ್ಯ ಇಲಾಖೆಯ ಲೆಕ್ಕದೊಳಗೇ ಬರಬೇಕೆಂದು ತೀರ್ಮಾನವಾಯಿತು. ಸ್ವಾಯತ್ತತೆಯ ಹಲ್ಲು ಅರ್ಧ ಕಿತ್ತದ್ದು ಇಲ್ಲಿ. ಎಲ್ಲ ಟ್ರಸ್ಟ್‌ಗಳ ಬಂಡವಾಳ ವೆಚ್ಚ ಒಟ್ಟುಗೂಡಿ ಇಲಾಖೆಯ ಮಿತಿಗೆ ಸೇರುವುದರಿಂದ, ಉಳಿಸಿದ ಹಣ ಬ್ಯಾಂಕಿನಲ್ಲಿದ್ದರೂ ಸೋರುವ ಚಾವಣಿ ಸರಿಮಾಡಲು, ಹಳೆಯ ಸ್ಕ್ಯಾನರ್ ಬದಲಿಸಲು ಕೈ ಕಟ್ಟಿದಂತಾಗುತ್ತದೆ. 2022ರ ಕಾಯ್ದೆಯಂತೂ ಟ್ರಸ್ಟ್‌ನ ಬಂಡವಾಳ ವೆಚ್ಚಕ್ಕೆ ಮೇಲಿನವರು ಮಿತಿ ಹಾಕಲು ಸ್ಪಷ್ಟ ಅಧಿಕಾರವನ್ನೇ ಕೊಟ್ಟಿತು. ಮಿಗಿಸಿದರೂ ಖರ್ಚು ಮಾಡಲಾಗದು ಎಂದಾದರೆ ಯಾವ ವ್ಯವಸ್ಥಾಪಕ ತಾನೇ ಕಷ್ಟಪಟ್ಟು ಮಿಗಿಸುತ್ತಾನೆ?

ಆದರೆ ನಿಜವಾದ ದೋಷ ಇನ್ನೂ ಆಳದಲ್ಲಿದೆ, ಸಂಸತ್ತಿನ ವಾದದಲ್ಲಿ ಅದು ಹೆಚ್ಚು ಕೇಳಿಸಲೇ ಇಲ್ಲ. ಸ್ವಾಯತ್ತತೆ ಕೊಡುವ ಮುನ್ನ ಆಸ್ಪತ್ರೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಮಾನಿಟರ್ ಮುಖ್ಯವಾಗಿ ನೋಡಿದ್ದು ಆಡಳಿತದ ಕ್ರಮ ಮತ್ತು ಜಮಾಖರ್ಚು. ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟ್ ಅರ್ಜಿಯ ತಯಾರಿಯಲ್ಲಿದ್ದಾಗಲೇ 2006-07ರಲ್ಲಿ ಒಂದು ಕೋಟಿ ಪೌಂಡ್ ಉಳಿಸುವ ಗುರಿ ಇಟ್ಟುಕೊಂಡು 150ಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಿತು. 2008ರ ಫೆಬ್ರುವರಿಯಲ್ಲಿ ಫೌಂಡೇಶನ್ ಪಟ್ಟ ಸಿಕ್ಕಿತು. ಮಾರ್ಚ್‌ನಲ್ಲೇ ಗುಣಮಟ್ಟ ನೋಡುವ ಇನ್ನೊಂದು ಸಂಸ್ಥೆ, ಹೆಲ್ತ್‌ಕೇರ್ ಕಮಿಷನ್, ಅಲ್ಲಿನ ಸಾವಿನ ಪ್ರಮಾಣ ನೋಡಿ ತನಿಖೆ ಘೋಷಿಸಿತು. ತುರ್ತು ವಿಭಾಗಕ್ಕೆ ಬಂದವರ ಸ್ಥಿತಿ ಎಷ್ಟು ಗಂಭೀರ ಎಂದು ಮೊದಲು ಅಂದಾಜಿಸುತ್ತಿದ್ದವರು ವೈದ್ಯಕೀಯ ತರಬೇತಿಯೇ ಇಲ್ಲದ ಸ್ವಾಗತಕಾರರು. ಪಕ್ಕದ ವಾರ್ಡಿನಲ್ಲಿ ಹೃದಯ ಬಡಿತ ತೋರಿಸುವ ಮಾನಿಟರ್‌ಗಳನ್ನು ಆಫ್ ಮಾಡಿಟ್ಟಿದ್ದರು, ನರ್ಸ್‌ಗಳಿಗೆ ಅವನ್ನು ಬಳಸಲು ಬರುತ್ತಿರಲಿಲ್ಲ. ಒಂದು ಸಂಸ್ಥೆ ಲೆಕ್ಕ ಸರಿಯಿದೆ ಎಂದು ಮುದ್ರೆ ಒತ್ತುವಾಗ ಇನ್ನೊಂದರ ಕೈಯಲ್ಲಿ ಸಾವಿನ ಅಂಕಿಗಳಿದ್ದವು, ಎರಡೂ ಕೂತು ಮಾತಾಡಲಿಲ್ಲ. ಈ ಟ್ರಸ್ಟ್ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯ 2013ರ ಫ್ರಾನ್ಸಿಸ್ ವರದಿ 290 ಶಿಫಾರಸು ಮಾಡಬೇಕಾಯಿತು.

ಪೀಟರ್‌ಬರೋದಲ್ಲಿ ಆದದ್ದು ಇದರ ಇನ್ನೊಂದು ಮುಖ. ಖಾಸಗಿ ಬಂಡವಾಳದಿಂದ ಹೊಸ ಆಸ್ಪತ್ರೆ ಕಟ್ಟಲು ಟ್ರಸ್ಟ್ 2007ರಲ್ಲಿ ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಿತು. ಅಷ್ಟು ಕಂತು ಕಟ್ಟಲಾದೀತೇ ಎಂದು ಮಾನಿಟರ್ ಅನುಮಾನ ಹೇಳಿತ್ತು, ಆದರೆ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಕಟ್ಟಡ ಬಂತು, ಜೊತೆಗೇ ಕೊರತೆಯೂ ಬಂತು. 2013ರಲ್ಲಿ ತಜ್ಞರ ತಂಡ, ಚಿಕಿತ್ಸೆಯ ದೃಷ್ಟಿಯಿಂದ ಆಸ್ಪತ್ರೆ ಗಟ್ಟಿಯಾಗಿದೆ, ಹಣದ ದೃಷ್ಟಿಯಿಂದ ನಿಲ್ಲಲಾರದು ಎಂದಿತು. 2017ರಲ್ಲಿ ಅದನ್ನು ಪಕ್ಕದ ಹಿಂಚಿಂಗ್‌ಬ್ರೂಕ್ ಆಸ್ಪತ್ರೆಯೊಂದಿಗೆ ವಿಲೀನ ಮಾಡಲಾಯಿತು. ಮಿಡ್ ಸ್ಟಾಫರ್ಡ್‌ಶೈರ್‌ನಲ್ಲಿ ಕಣ್ಣು ತಪ್ಪಾದ ಕಡೆ ನೋಡಿತು. ಇಲ್ಲಿ ಕಣ್ಣಿಗೆ ಕಂಡರೂ ಕೈಗೆ ಬಲವಿರಲಿಲ್ಲ.

ಗೆದ್ದದ್ದೂ ಇದೆ. ಕಣ್ಣಿನ ಚಿಕಿತ್ಸೆಯ ಮೂರ್‌ಫೀಲ್ಡ್ಸ್, ಕ್ಯಾನ್ಸರ್‌ನ ರಾಯಲ್ ಮಾರ್ಸ್‌ಡನ್ ಮೊದಲ ಹತ್ತರಲ್ಲೇ ಇದ್ದವು. ಒಂದೇ ವಿಷಯದಲ್ಲಿ ಪರಿಣತಿ, ಗಟ್ಟಿ ಹೆಸರು, ಹೊರಗಿನ ಆದಾಯ ಇರುವಲ್ಲಿ ಈ ರೂಪ ಚೆನ್ನಾಗಿ ಒಗ್ಗುತ್ತದೆ. ತುರ್ತು ವಿಭಾಗಕ್ಕೆ ಬಂದವರನ್ನೆಲ್ಲ ನೋಡಲೇಬೇಕಾದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಅದೇ ಅಂಗಿ ಬಿಗಿಯಾಗುತ್ತದೆ.

ಗವರ್ನರ್ ಪದ್ಧತಿಗೆ ನಮ್ಮ ಅಂಕ ಐದಕ್ಕೆ ಎರಡು. ಅಧ್ಯಕ್ಷರನ್ನು ತೆಗೆಯುವ ಅಧಿಕಾರವಿದ್ದರೂ, ಮಂಡಳಿ ಕೊಟ್ಟ ಕಡತದ ಆಚೆ ನೋಡುವ ದಾರಿ ಅವರಿಗೆ ಕಡಿಮೆ. ಆದರೂ ಹೊಸ ಯೋಜನೆ ಗವರ್ನರ್‌ಗಳು ಇರಲೇಬೇಕೆಂಬ ನಿಯಮವನ್ನೇ ಕೈಬಿಡಲು ಹೊರಟಿರುವುದು ತಪ್ಪು. ಸಚಿವರ ಹಿಡಿತ ಸಡಿಲಿಸಿ, ಊರಿನವರ ಹಿಡಿತವನ್ನೂ ತೆಗೆದರೆ ಮಂಡಳಿ ಉತ್ತರ ಹೇಳುವುದು ಯಾರಿಗೆ? ಗವರ್ನರ್‌ಗಳಿಗೆ ಪ್ರತಿ ವಾರ್ಡಿನ ನರ್ಸ್‌ಗಳ ಸಂಖ್ಯೆ, ದೂರುಗಳು, ಸಾವಿನ ಅಂಕಿಗಳು ಮಂಡಳಿಯ ಕೈ ದಾಟದೆ ನೇರವಾಗಿ ಸಿಗಬೇಕು. ಹೊಸ ಅರ್ಜಿ ಬಂದಾಗ ಜಮಾಖರ್ಚಿನ ಪುಟಕ್ಕಿಂತ ಮೊದಲು ಆ ಆಸ್ಪತ್ರೆ ಹಿಂದಿನ ಎರಡು ವರ್ಷದಲ್ಲಿ ಎಷ್ಟು ಹುದ್ದೆ ಕಡಿತ ಮಾಡಿದೆ, ಯಾವ ವಾರ್ಡಿನಲ್ಲಿ, ಎಂಬ ಪುಟ ತೆರೆಯಬೇಕು.